ಕರಾಮಿರ್ಜಾನ ಹೊಟ್ಟೆಯೊಳಗೆ

ಮಧ್ಯಾಹ್ನದ ಚಹಾಕ್ಕೆ ಎಲ್ಲರೂ ಎದ್ದುಹೋದ ಮೇಲೆ ಕೆಂಜೆಬಾಯ್ ವಂಶಾವಳಿಯ ಪ್ರೋಗ್ರಾಂನಲ್ಲಿ ತನ್ನನ್ನು ತಾನೇ ಹುಡುಕಿ ನೋಡಿದ; ಇಬ್ಬರು ಸಿಕ್ಕಿದರು. ಬೆರಳು ತಪ್ಪಿರಬೇಕೆಂದು ಹೆಸರನ್ನು ಮತ್ತೊಮ್ಮೆ ಹೊಡೆದ. ಆಗಲೂ ಇಬ್ಬರೇ. ಮೊದಲನೆಯವನು ಬೊತಾಬಾಯ್‌ನ ಕಿರಿಯ ಮಗ ಕೆಂಜೆಬಾಯ್. ಕುರಿಯ ಮೇಲೆ ಕೂತು, ಮುಂದಿನ ಹಲ್ಲು ಬಿದ್ದ ಬಾಯನ್ನು ಅಗಲಿಸಿ ನಗುತ್ತಿದ್ದ. ಎರಡನೆಯವನು ಎರ್ಗಾಲಿಯ ಹಿರಿಯ ಮಗ ಕೆಂಜೆಬಾಯ್. ಕಾಲೇಜಿನ ಗುರುತಿನ ಚೀಟಿಯ ಫೋಟೋದಲ್ಲಿ, ಏನೋ ಕದ್ದು ಸಿಕ್ಕಿಬಿದ್ದವನ ಮುಖ ಮಾಡಿಕೊಂಡಿದ್ದ. ಈ ಎರ್ಗಾಲಿಯಾದರೋ ಬೊತಾಬಾಯ್‌ನ ಹಿರಿಮಗ. ಅಂದರೆ ತೆರೆಯ ಮೇಲೆ ಒಬ್ಬ ಕೆಂಜೆ ಇನ್ನೊಬ್ಬ ಕೆಂಜೆಯ ಅಪ್ಪನಿಗೆ ತಮ್ಮನಾಗಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕಂಡೇ ಇಲ್ಲದವರ ಹಾಗೆ ಒಂದೇ ಮನೆಯ ಎರಡು ಕೋಣೆಗಳಲ್ಲಿ ಕೂತಿದ್ದರು. ಬೆಳಿಗ್ಗೆ ವಂಶದ ಹಿರಿಯ ಝಾಪರ್ ಫೋನಿನಲ್ಲಿ ಹೇಳಿದ್ದು ಸುಳ್ಳಾಗಿರಲಿಲ್ಲ. ವಂಶದ ಔತಣದ ಮಾಂಸದ ಪಾಲು ಹಂಚಲು ಕೂತವರಿಗೆ ಒಂದು ಬಾಯಿ ಹೆಚ್ಚಿಗೆ ಬಂದಿತ್ತಂತೆ. ನೀನು ಹಿರಿಯರ ಸಾಲಿನಲ್ಲೂ ಕೂತಿದೀಯ, ಹುಡುಗರ ಸಾಲಿನಲ್ಲೂ ಕೂತಿದೀಯ, ಯಾವುದಾದರೊಂದು ಬಾಯಿ ಇಟ್ಟುಕೊಂಡು ಇನ್ನೊಂದನ್ನು ಇವತ್ತೇ ತೆಗಿ ಎಂದು ಅವರು ತಣ್ಣಗೆ ಹೇಳಿ ಇಟ್ಟಿದ್ದರು. ಕೆಂಜೆ ಬಾಗಿಲ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ವಾರದಿಂದ ಮುಂದೂಡುತ್ತ ಬಂದಿದ್ದ ಕೆಲಸವನ್ನು ಮಾಡಿಯೇಬಿಟ್ಟ: ಮದುವೆ ಆಗಬಹುದೇ ಎಂದು ನೋಡುವ ಪುಟದಲ್ಲಿ ತನ್ನ ಹೆಸರನ್ನೂ ತಾನು ಮೆಚ್ಚಿದ ಕಮ್ಕಾಳ ಅಪ್ಪನ ಹೆಸರನ್ನೂ ಹಾಕಿ ಒತ್ತಿದ. ಉತ್ತರವೂ ಎರಡು ಬಂತು. ಕೆಂಜೆಬಾಯ್, ಬೊತಾಬಾಯ್‌ನ ಮಗ: ಆಗಕೂಡದು. ಕೆಂಜೆಬಾಯ್, ಎರ್ಗಾಲಿಯ ಮಗ: ಆಗಬಹುದು. ಪಡಸಾಲೆಯಲ್ಲಿ ಯಾರೋ ಬಟ್ಟಲಲ್ಲಿ ಚಮಚ ಆಡಿಸುತ್ತಿದ್ದರು. ಆ ಸದ್ದು ನಿಲ್ಲುವುದರೊಳಗೆ ಅವನು ಎರಡೂ ಉತ್ತರಗಳನ್ನು ಮತ್ತೊಮ್ಮೆ ಓದಿದ.

ಈ ಪ್ರೋಗ್ರಾಂ ಅವನ ಕೈಕೂಸೇ. ತರಾಜ್ ಪಟ್ಟಣದ ಈ ಪುಟ್ಟ ಕಂಪನಿಗೆ ಅದನ್ನು ಮಾಡಿಕೊಡಿ ಎಂದು ಬಂದವರು ಕರಾಮಿರ್ಜಾನ ವಂಶದ ಹಿರಿಯರು. ಮೂಲಪುರುಷನ ಹೆಸರಲ್ಲಿ ದೊಡ್ಡ ಔತಣ ಹಾಕುವವರಿದ್ದರು, ಅಷ್ಟರೊಳಗೆ ಅವನ ಸಂತಾನವೆಲ್ಲ ಒಂದು ಕಡೆ ಕಾಣಬೇಕಿತ್ತು. ಅದೇ ವಂಶದವನೆಂದು ಕೆಲಸ ಕೆಂಜೆಯ ಪಾಲಿಗೆ ಬಂತು. ಹೇಗೆ ಜೋಡಿಸಿಡುವುದು ಎಂಬ ಮಾತು ಬಂದಾಗ ಪಕ್ಕದ ಮೇಜಿನ ಪಾಕ್, ಕೊರಿಯನ್ನರ ಹುಡುಗ, ಕಡಿಮೆ ಮಾತಿನವ, ಒಬ್ಬೊಬ್ಬರನ್ನೂ ಬೇರೆ ಬೇರೆ ದಾಖಲೆ ಮಾಡು, ಪ್ರತಿಯೊಬ್ಬನ ಹತ್ತಿರವೂ ಅವನ ಅಪ್ಪನ ನಂಬರು ಬರೆದ ಚೀಟಿ ಇಡು, ನಾಳೆ ಏನಾದರೂ ಬದಲಾದರೆ ಚೀಟಿ ಬದಲಾಯಿಸಿದರಾಯಿತು ಎಂದಿದ್ದ. ಕೆಂಜೆ ನಕ್ಕುಬಿಟ್ಟಿದ್ದ. ಅದು ವಂಶ ಅಲ್ಲ ಮಾರಾಯ, ಅನಾಥಾಲಯ ಎಂದಿದ್ದ. ಒಟ್ಟಿಗೆ ಓದುವುದನ್ನು ಒಟ್ಟಿಗೇ ಇಡಬೇಕು ಎಂಬುದು ಅವನು ಕಲಿತ ಪಾಠ, ಅದರ ಮೇಲೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ಕರಾಮಿರ್ಜಾ ಒಂದೇ ಒಂದು ದಾಖಲೆ. ಅವನ ಒಳಗೆ ಅವನ ಗಂಡುಮಕ್ಕಳು, ಆ ಮಕ್ಕಳ ಒಳಗೆ ಅವರ ಮಕ್ಕಳು, ಹೀಗೆ ಒಳಗೆ, ಇನ್ನೂ ಒಳಗೆ, ಮೊನ್ನೆ ಹುಟ್ಟಿ ಇನ್ನೂ ಸರಿಯಾಗಿ ಕಣ್ಣು ಬಿಡದ ಕೂಸಿನವರೆಗೆ. ಮಗನೆಂದರೆ ಅಪ್ಪನ ಒಳಗೆ ಇರುವವನು, ಹೊರಗೆ ಅವನಿಗೆ ಬೇರೆ ವಿಳಾಸವಿಲ್ಲ. ಕುದುರೆಗಳ ಡಾಕ್ಟರಾಗಿ ನಿವೃತ್ತರಾಗಿದ್ದ ಝಾಪರ್ ಇದನ್ನು ಕೇಳಿ ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಆಮೇಲೆ ಜನ ತಮ್ಮ ತಮ್ಮ ಕುದುರೆಗಳ ಫೋಟೋ ಹಾಕತೊಡಗಿದರು. ಮೂಲಪುರುಷ ಉಬ್ಬುತ್ತ ಉಬ್ಬುತ್ತ, ಒಂದು ದಾಖಲೆ ಇಷ್ಟೇ ದಪ್ಪ ಇರಬಹುದು ಎಂಬ ಮಿತಿಯನ್ನು ಮುಟ್ಟಿ, ಒಂದು ಸೋಮವಾರ ಬಾಯಿ ಕಚ್ಚಿ ಮಲಗಿಬಿಟ್ಟ. ಹೊಟ್ಟೆ ತುಂಬಿದೆ ಅಜ್ಜ, ಇನ್ನು ಹಿಡಿಸಲ್ಲ ಎಂದು ಕೆಂಜೆ ವಿವರಿಸಿದಾಗ ಝಾಪರ್ ಗಂಭೀರವಾಗಿ ಯೋಚಿಸಿ, ಹಾಗಾದರೆ ಹೆಣ್ಣುಮಕ್ಕಳನ್ನು ತೆಗಿ ಎಂದರು. ತೆಗೆಯಲು ಅವರಿದ್ದರೆ ತಾನೆ? ಅಪ್ಪನ ಹೆಸರಿನ ಕೆಳಗೆ ಹೆಣ್ಣುಮಕ್ಕಳು ಇಷ್ಟು ಎಂಬ ಒಂದು ಅಂಕಿ ಇತ್ತು, ಅಷ್ಟೆ. ಕೊನೆಗೆ ಕುದುರೆಗಳನ್ನೇ ತೆಗೆಯಬೇಕಾಯಿತು, ಅದಕ್ಕೆ ಕೆಲವು ಮನೆಯವರು ಇವತ್ತಿಗೂ ಕೆಂಜೆಯ ಜೊತೆ ಮಾತು ಬಿಟ್ಟಿದ್ದಾರೆ.

ಆ ಅಂಕಿಯ ವಿಷಯ ಕಮ್ಕಾಳಿಗೆ ಹೇಳಬಾರದಿತ್ತು. ಅವಳು ಹಲ್ಲಿನ ಆಸ್ಪತ್ರೆಯಲ್ಲಿ ಮುದುಕರಿಗೆ ಹಲ್ಲಿನ ಸೆಟ್ಟು ಕಟ್ಟುವವಳು, ಉಗುರ ಸಂದಿನಲ್ಲಿ ಯಾವಾಗಲೂ ಬಿಳಿ ಗಾರೆ. ಅದರಲ್ಲಿ ನಾನೆಲ್ಲಿದೀನಿ ತೋರಿಸು ಎಂದಳು. ನಿಮ್ಮಪ್ಪನ ಒಳಗೆ, ಹೆಣ್ಣುಮಕ್ಕಳು ಮೂವರು ಅಂತ ಇದೆಯಲ್ಲ, ಅಲ್ಲಿ ಎಂದ. ಮೂರರಲ್ಲಿ ನಾನು ಯಾವ ಗೀಟು ಎಂದು ಕೇಳಿ ನಕ್ಕಳು, ಆದರೆ ಅವತ್ತು ತನ್ನ ಚಹಾದ ಬಿಲ್ಲನ್ನು ತಾನೇ ಕೊಟ್ಟಳು. ಎರಡು ವರ್ಷದ ಹಿಂದೆ, ಮೊದಲ ಸಲ ಇಬ್ಬರೂ ಒಂದೇ ವಂಶದವರೆಂದು ಗೊತ್ತಾದಾಗ, ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ಬೆರಳು ಮಡಿಸಿ ಅಜ್ಜಂದಿರನ್ನು ಎಣಿಸಿದ್ದರು. ಏಳು ತಲೆಯೊಳಗೆ ಇಬ್ಬರಿಗೂ ಒಬ್ಬನೇ ಅಜ್ಜ ಸಿಕ್ಕಿಬಿಟ್ಟರೆ ಅವರು ಅಣ್ಣ ತಂಗಿ. ಎಂಟಕ್ಕೆ ದಾಟಿದರೆ ಗಂಡ ಹೆಂಡತಿ ಆಗಲು ಅಡ್ಡಿಯಿಲ್ಲ. ಅವಳಿಗೆ ಎಂಟನೆಯವನು ಕರಾಮಿರ್ಜಾ. ಅವನಿಗೂ ಎಂಟನೆಯವನೇ ಎಂದು ಲೆಕ್ಕ ಬಂತು, ಅವಳು ಮೇಜು ಕುಟ್ಟಿದಳು, ಪಕ್ಕದವರು ತಿರುಗಿ ನೋಡಿದರು. ಅವಳು ನಗುತ್ತಿದ್ದಾಗ ಕೆಂಜೆ ಮಡಿಸಿದ ಬೆರಳುಗಳನ್ನು ಮೇಜಿನ ಕೆಳಗೆ ಎಳೆದುಕೊಂಡಿದ್ದ. ಯಾಕೆಂದರೆ ಅವನು ಎಣಿಕೆಯನ್ನು ಎರ್ಗಾಲಿಯಿಂದ ಶುರು ಮಾಡಿದ್ದ. ಜೀವಮಾನದಲ್ಲಿ ಅದೇ ಮೊದಲ ಸಲ ಹಾಗೆ ಶುರು ಮಾಡಿದ್ದು. ಈಗ ಕಮ್ಕಾಳ ಅಪ್ಪ, ಬಾಯಲ್ಲಿ ಎಣಿಸಿದ್ದನ್ನೆಲ್ಲ ನಾನು ನಂಬುವವನಲ್ಲ, ಭಾನುವಾರ ನಾಲ್ಕು ಜನರ ಮುಂದೆ ಝಾಪರ್ ಆ ಯಂತ್ರದಲ್ಲಿ ನೋಡಲಿ, ಅದು ಹೂಂ ಅಂದರೆ ಹೂಂ, ಊಹೂಂ ಅಂದರೆ ಮಗಳನ್ನು ಬೇರೆ ಕಡೆ ಕೊಡುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ್ದರು. ಇವತ್ತು ಶುಕ್ರವಾರ.

ಎರ್ಗಾಲಿ ಅವನ ಹೆತ್ತ ಅಪ್ಪ. ಕೆಂಜೆ ಅವನನ್ನು ಅಣ್ಣ ಎನ್ನುತ್ತಾನೆ. ಹೆತ್ತವಳನ್ನು ಅತ್ತಿಗೆ ಎನ್ನುತ್ತಾನೆ. ಅದರಲ್ಲಿ ವಿಚಿತ್ರವೇನಿಲ್ಲ, ಅವರ ಪದ್ಧತಿಯಲ್ಲಿ ಚೊಚ್ಚಲ ಮಗು ಅಜ್ಜ ಅಜ್ಜಿಯದು. ನಲವತ್ತು ದಿನ ತುಂಬುತ್ತಲೇ ಬೊತಾಬಾಯ್‌ನ ಹೆಂಡತಿ ಬಾತಿಮಾ ಬಂದು ಸೊಸೆಯ ಮಡಿಲಿನಿಂದ ಅವನನ್ನೆತ್ತಿ ತನ್ನ ಎದೆಗೆ ಹಾಕಿಕೊಂಡಳು, ಇನ್ನು ಇವನು ನನ್ನ ಕಿರಿಯ ಮಗ ಎಂದಳು, ಹೆಸರನ್ನೂ ಕೆಂಜೆಬಾಯ್, ಕಿರಿಯವನು, ಎಂದೇ ಇಟ್ಟಳು. ಹೀಗೆ ಚೊಚ್ಚಲ ಮಗನಿಗೆ ಕಡೇ ಮಗನ ಹೆಸರು ಬಂತು. ಬೊತಾಬಾಯ್ ಅವನಿಗೆ ಅಪ್ಪ, ಬಾತಿಮಾ ಅಮ್ಮ. ಅಮ್ಮನ ಕಂಕುಳಿನ ವಾಸನೆ ಹುಳಿ ಮೊಸರಿನದು, ಉಣ್ಣೆಯದು, ಚಳಿಗಾಲದಲ್ಲಿ ಒಲೆಗೆ ಹಾಕುವ ಬೆರಣಿಯದು. ಈಗಲೂ ನಿದ್ದೆ ಹತ್ತದಿದ್ದರೆ ಕೆಂಜೆ ತನ್ನ ತೋಳಿಗೇ ಮೂಗು ಒತ್ತಿಕೊಂಡು ಅದನ್ನು ಹುಡುಕುತ್ತಾನೆ, ಸಿಗುವುದು ಸೋಪಿನ ವಾಸನೆ. ಶಾಲೆಯ ವಸಂತದ ಹಬ್ಬದಲ್ಲಿ ಮಕ್ಕಳೆಲ್ಲ ಒಬ್ಬೊಬ್ಬರಾಗಿ ವೇದಿಕೆ ಹತ್ತಿ ತಮ್ಮ ಏಳು ಅಜ್ಜಂದಿರ ಹೆಸರು ಹೇಳಬೇಕಿತ್ತು. ಕೆಂಜೆ ಬೊತಾಬಾಯ್ ಎಂದು ಶುರು ಮಾಡಿ ಒಂದೇ ಉಸಿರಿನಲ್ಲಿ ಓಡಿ ಕರಾಮಿರ್ಜಾನ ಹತ್ತಿರ ನಿಂತ. ಸರಿಯಾಗಿ ಏಳು. ಸಭೆ ಚಪ್ಪಾಳೆ ಹೊಡೆಯಿತು. ಹಿಂದೆ ಬಾಗಿಲ ಹತ್ತಿರ, ಈರುಳ್ಳಿ ಲಾರಿಯನ್ನು ರಸ್ತೆಯಲ್ಲೇ ಬಿಟ್ಟು ಓಡಿಬಂದಿದ್ದ ಎರ್ಗಾಲಿ ಟೋಪಿಯನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದ. ಅವನೂ ಚಪ್ಪಾಳೆ ಹೊಡೆದ, ಎಲ್ಲರಿಗಿಂತ ಸ್ವಲ್ಪ ಹೊತ್ತು ಹೆಚ್ಚಿಗೆ. ತಾನು ಅವನ ಹೆಸರನ್ನು ಹಾರಿಸಿಬಿಟ್ಟೆ ಎಂಬುದು ಆ ವಯಸ್ಸಿನಲ್ಲೂ ಕೆಂಜೆಗೆ ಗೊತ್ತಿತ್ತು, ಗೊತ್ತಿದ್ದೇ ಇನ್ನಷ್ಟು ಜೋರಾಗಿ ಹೇಳಿದ್ದ.

ಇಬ್ಬರು ಕೆಂಜೆಯರು ಹೇಗೆ ಹುಟ್ಟಿದರೆಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಂಶದವರು ತಂತಮ್ಮ ಮನೆಯದನ್ನು ತಾವೇ ತುಂಬಬೇಕೆಂದು ಅವನೇ ಸೂಚನೆ ಕಳಿಸಿದ್ದ. ಬಾತಿಮಾ ಪಕ್ಕದ ಮನೆಯವಳನ್ನು ಕೂರಿಸಿಕೊಂಡು, ನನ್ನ ಕಿರಿಯ ಮಗ ಎಂದು ಬರೆಸಿದಳು. ಅತ್ತ ಎರ್ಗಾಲಿ, ಯಾವ ಹೆದ್ದಾರಿಯ ಪಕ್ಕದಲ್ಲಿ ಲಾರಿ ನಿಲ್ಲಿಸಿಕೊಂಡೋ ಏನೋ, ತನ್ನ ಫೋನಿನಲ್ಲಿ ಯಾರಿಗೂ ಹೇಳದೆ, ನನ್ನ ಹಿರಿಯ ಮಗ ಎಂದು ಬರೆದ. ಬಾಯಿ ಬಿಟ್ಟು ಒಮ್ಮೆಯೂ ಅನ್ನದವನು ದಪ್ಪ ಬೆರಳಿನಿಂದ ಅಷ್ಟನ್ನು ಕುಟ್ಟಿದ್ದ. ಆ ಗುರುತಿನ ಚೀಟಿಯ ಫೋಟೋ ಅವನಿಗೆ ಎಲ್ಲಿ ಸಿಕ್ಕಿತು? ಪಾಕ್ ಹೇಳಿದ ಹಾಗೆ ಮಾಡಿದ್ದರೆ ಮನುಷ್ಯ ಒಬ್ಬನೇ, ಚೀಟಿ ಎರಡು ಇರುತ್ತಿದ್ದವು. ಕೆಂಜೆ ಜಾಣತನ ಮಾಡಿ ಮನುಷ್ಯನನ್ನು ಅಪ್ಪನ ಒಳಗೆ ತುರುಕಿದ್ದ, ಅಪ್ಪಂದಿರು ಇಬ್ಬರಾದರೆ ಮನುಷ್ಯನೂ ಇಬ್ಬರಾಗಲೇಬೇಕು. ಒಬ್ಬನಿಗೆ ನೆಗಡಿಯಾದರೆ ಇನ್ನೊಬ್ಬನಿಗೆ ಸುದ್ದಿ ಹೋಗುವುದಿಲ್ಲ. ಪಾಕ್ ಚಹಾ ಮುಗಿಸಿ ಬಂದು ಪಕ್ಕದಲ್ಲಿ ಕೂತಾಗ ಕೆಂಜೆ ತೆರೆಯನ್ನು ಸರಕ್ಕನೆ ಮುಚ್ಚಿ, ಏನೋ ಕೆಟ್ಟದ್ದು ನೋಡುತ್ತಿದ್ದವನ ಹಾಗೆ ಕೆಂಪಾದ. ಪಾಕ್ ತನ್ನ ಕೆಲಸಕ್ಕೆ ತೊಡಗಿದ. ಏನೂ ಕೇಳದೆ ಹೋದದ್ದೇ ಕೆಂಜೆಗೆ ಅವನ ಮೇಲಿನ ಸಿಟ್ಟಿಗೆ ಸಾಕಾದ ಕಾರಣವಾಗಿತ್ತು.

ಎರ್ಗಾಲಿಯ ಒಳಗಿನವನನ್ನು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟು ವರ್ಷ ಹೇಗಿತ್ತೋ ಹಾಗೇ ನಡೆಯುತ್ತದೆ, ಎರ್ಗಾಲಿ ಇನ್ನೊಮ್ಮೆ ಟೋಪಿ ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ಹೊಡೆಯುತ್ತಾನೆ, ಕಮ್ಕಾ ಭಾನುವಾರದಿಂದ ತಂಗಿಯಾಗುತ್ತಾಳೆ. ಬೊತಾಬಾಯ್‌ನ ಒಳಗಿನವನನ್ನು ತೆಗೆದರೆ ಕಮ್ಕಾ ಹೆಂಡತಿಯಾಗುತ್ತಾಳೆ. ಅಪ್ಪ ಬೊತಾಬಾಯ್ ಮಣ್ಣು ಸೇರಿ ಎಷ್ಟೋ ವರ್ಷವಾಯಿತು, ಅವನೇನು ಎದ್ದು ಬಂದು ಕೇಳುವುದಿಲ್ಲ. ಅಮ್ಮನಿಗೆ ಕಣ್ಣು ಮಂಜು, ಫೋನಿನಲ್ಲಿ ಏನಿದೆಯೆಂದು ಅವಳು ಯಾವ ಕಾಲಕ್ಕೆ ನೋಡಬೇಕು? ಅಲ್ಲದೆ ಇದರಲ್ಲಿ ಸುಳ್ಳೇನಿದೆ, ರಕ್ತದ ಲೆಕ್ಕದಲ್ಲಿ ಇದೇ ನಿಜ, ತಾನು ಮಾಡುತ್ತಿರುವುದು ಬರೀ ತಿದ್ದುಪಡಿ. ಹೀಗೆ ತನಗೆ ತಾನೇ ವಕೀಲನಾಗಿ ವಾದ ಮಾಡಿ, ಗೆದ್ದು, ಗೆದ್ದದ್ದಕ್ಕೆ ಮತ್ತೆ ನಾಚಿ, ಕುರಿಯ ಮೇಲಿನ ಹುಡುಗನ ಹೆಸರಿನ ಮೇಲೆ ಒತ್ತಿ, ಹೊರಗೆ ತೆಗೆ ಎಂದು ಆರಿಸಿದ. ಪ್ರೋಗ್ರಾಂ ಕಾರಣ ಕೇಳಿತು. ಕೆಳಗೆ ಆರಿಸಿಕೊಳ್ಳಲು ಒಂದೇ ಒಂದು ಕಾರಣವಿತ್ತು: ತೀರಿಕೊಂಡಿದ್ದಾರೆ. ಅದನ್ನು ಹಾಗೆ ಮಾಡಿಸಿದ್ದು ಝಾಪರ್. ನಮ್ಮ ಗಂಡಸು ಸಾಯದೆ ವಂಶ ಬಿಟ್ಟು ಎಲ್ಲಿಗಯ್ಯಾ ಹೋಗ್ತಾನೆ ಎಂದಿದ್ದರು. ಸತ್ತವರನ್ನು ಎಬ್ಬಿಸುವ ಗುಂಡಿಯೊಂದು ಇರಲಿ, ಯಾರಾದರೂ ಕೈತಪ್ಪಿ ಒತ್ತಿದರೆ ಎಂದು ಕೆಂಜೆ ಕೇಳಿದಾಗ, ಅದು ಪಾಪದ ಕೆಲಸ ಎಂದು ಗದರಿದ್ದರು. ಕೆಂಜೆಯ ಬೆರಳು ಒಂದು ಕ್ಷಣ ಮೇಲೆಯೇ ನಿಂತಿತು, ಆಮೇಲೆ ಒತ್ತಿತು. ಹುಡುಗನ ಸುತ್ತ ಕಪ್ಪು ಅಂಚು ಮೂಡಿ, ಬಣ್ಣವೆಲ್ಲ ಇಳಿದು ಬೂದಿಯಾಯಿತು. ಹುಡುಗ ನಗುವುದನ್ನು ನಿಲ್ಲಿಸಲಿಲ್ಲ.

ಅವನಿಗೆ ಭಯಂಕರ ಹಸಿವಾಯಿತು. ಬೀದಿಗಿಳಿದು, ಗಾಳಿಗೆ ಬೆನ್ನು ಕೊಟ್ಟು ನಿಂತು, ಮಾಂಸ ತುಂಬಿದ ಬಿಸಿ ಸಂಸಾಗಳನ್ನು ಒಂದರ ಮೇಲೊಂದು ತಿಂದ. ಕೊಬ್ಬು ಗಲ್ಲಕ್ಕಿಳಿದು ಅಂಗಿಗೆ ಹತ್ತಿತು, ಒರೆಸ ಹೋದರೆ ಇನ್ನೂ ಅಗಲವಾಯಿತು. ಆಗ ಜೇಬಿನಲ್ಲಿ ಫೋನು ನಡುಗಿತು. ತೆರೆದು ನೋಡಿದರೆ, ಕರಾಮಿರ್ಜಾನ ಸಂತಾನದವರೇ, ಬೊತಾಬಾಯ್ ಅವರ ಕಿರಿಯ ಮಗ ಕೆಂಜೆಬಾಯ್ ನಿಜಮನೆಗೆ ಮರಳಿದ್ದಾರೆ ಎಂದಿತ್ತು. ಆ ಸಾಲು ಝಾಪರ್ ಬರೆದದ್ದು, ಕೆಂಜೆಯ ಕೈಯಲ್ಲಿ ಮತ್ತೆ ಮತ್ತೆ ಓದಿಸಿ ತಲೆದೂಗಿದ್ದರು; ಸಾವಿನ ಸುದ್ದಿ ಮುಟ್ಟಲಿಲ್ಲವೆಂದು ಯಾರೂ ಮುನಿಸಿಕೊಳ್ಳಬಾರದು, ಯಾರ ಹೆಸರು ಕಪ್ಪಾದರೂ ಆ ಕ್ಷಣವೇ ವಂಶದ ಒಂದೊಂದು ಫೋನಿಗೂ ಹೋಗಬೇಕು ಎಂದಿದ್ದರು. ಅದನ್ನು ಕಟ್ಟಿದವನೇ ಅದನ್ನು ಮರೆತಿದ್ದ. ಕೂಡಲೇ ಕರೆಗಳು ಶುರುವಾದವು. ಯಾವುದೋ ಹಳ್ಳಿಯ ಮುದುಕಿ ಅವನ ದನಿ ಕೇಳಿ, ಸತ್ತವನ ಫೋನು ನಿನ್ನ ಕೈಗೆ ಹೇಗೆ ಬಂತು ಎಂದು ಜಗಳಕ್ಕೆ ನಿಂತಳು. ಇನ್ನೊಬ್ಬ ಒಂದೂ ಮಾತಾಡಲು ಬಿಡದೆ ಬಿಕ್ಕಿ ಬಿಕ್ಕಿ ಅತ್ತು, ಎಷ್ಟು ಒಳ್ಳೆಯವನಿದ್ದ ಎಂದು ಹೊಗಳಿ, ಕೊನೆಗೆ ನನ್ನ ಕುದುರೆಯ ಫೋಟೋ ತೆಗೆದುಹಾಕಿದ್ದು ಅವನೇ, ಆದರೂ ಕ್ಷಮಿಸಿದ್ದೇನೆ ಎಂದು ಇಟ್ಟ. ಅಮ್ಮ ಮಾತ್ರ ಫೋನು ಮಾಡಲಿಲ್ಲ. ಕೆಂಜೆ ಝಾಪರ್‌ಗೆ ತಾನೇ ಫೋನು ಮಾಡಿದ.

"ಯಾರದು?"

"ನಾನು ಕೆಂಜೆ, ಅಜ್ಜ."

"ಯಾವ ಕೆಂಜೆ?"

ಬೀದಿಯ ಮಧ್ಯದಲ್ಲಿ, ಗಲ್ಲದ ಮೇಲೆ ಕೊಬ್ಬು ಬಳಿದುಕೊಂಡು ನಿಂತು, ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಆಮೇಲೆ ಬಾಯಿ ತಾನಾಗಿಯೇ ಅಂದಿತು. "ಎರ್ಗಾಲಿಯ ಮಗ."

"ಹಾಗಾದ್ರೆ ಬೇಗ ಊರಿಗೆ ಬಾರಪ್ಪಾ. ನಿಮ್ಮ ಮನೇಲಿ ಸಾವಾಗಿದೆ. ಗೇಟಲ್ಲಿ ನಿಂತ್ಕೊಳ್ಳೋಕೆ ಗಂಡಸರು ಸಾಲ್ತಿಲ್ಲ."

ಹಳ್ಳಿಯ ಕಡೆ ಹೋಗುವ ವ್ಯಾನಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಕಂಪ್ಯೂಟರು ಮಡಿಲಲ್ಲೇ ಇತ್ತು. ಗುಂಡಿ ಇಲ್ಲದಿದ್ದರೇನು, ಕಟ್ಟಿದವನಿಗೆ ಹಿತ್ತಲ ಬಾಗಿಲು ಗೊತ್ತಿರುತ್ತದೆ. ಕರಾಮಿರ್ಜಾನನ್ನು ಬಿಚ್ಚಿ, ಒಳಗೆ ಕೈ ಹಾಕಿ, ಒಂದು ಪದ ಅಳಿಸಿದರೆ ಹುಡುಗನಿಗೆ ಮತ್ತೆ ಬಣ್ಣ ಬರುತ್ತಿತ್ತು. ಪ್ರಮಾದವಾಯಿತೆಂದು ಎಲ್ಲರಿಗೂ ಇನ್ನೊಂದು ಸಾಲು ಕಳಿಸಬಹುದಿತ್ತು. ಜನ ಬೈದು, ನಕ್ಕು, ಅರ್ಧ ದಾರಿಯಿಂದ ತಿರುಗುತ್ತಿದ್ದರು. ಕೆಂಜೆ ಮುಚ್ಚಳ ತೆಗೆದ, ಮುಚ್ಚಿದ, ಮತ್ತೆ ತೆಗೆದ. ಪಕ್ಕದಲ್ಲಿ ಕೋಳಿ ಹಿಡಿದು ಕೂತ ಹೆಂಗಸು, ಒಂದೋ ತೆಗೀರಿ ಇಲ್ಲಾ ಮುಚ್ಚಿ, ಕೋಳಿ ಹೆದರುತ್ತೆ ಎಂದಳು. ಅವನು ಮುಚ್ಚಿದ. ತಾನು ಮುಚ್ಚಿದ್ದು ಕೋಳಿಗಾಗಿ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಇದೇ ದಾರಿಯಲ್ಲಿ ಒಮ್ಮೆ ಎರ್ಗಾಲಿ ಅವನನ್ನು ಕಾಲೇಜಿಗೆ ಬಿಡಲು ಲಾರಿಯಲ್ಲಿ ಕರೆದೊಯ್ದಿದ್ದ. ಕಿಟಕಿಯಿಂದ ಪಾಪ್ಲರ್ ಮರಗಳು ಓಡುತ್ತಿದ್ದವು, ಇಬ್ಬರ ನಡುವೆ ಈರುಳ್ಳಿಯ ಘಾಟು. ಎರ್ಗಾಲಿ ರಸ್ತೆಯನ್ನೇ ನೋಡುತ್ತ, ಒಂದ್ಸಲ ನೀನು ನನ್ನನ್ನ, ಎಂದು ಶುರು ಮಾಡಿ, ಗೇರು ಬದಲಿಸಿ, ಚಳಿಗೆ ಕಾಲುಚೀಲ ಇದೆಯಾ ಎಂದು ಕೇಳಿದ್ದ. ಇದೆ ಅಣ್ಣ ಎಂದಿದ್ದ ಕೆಂಜೆ. ಏನು ಕೇಳಲು ಹೊರಟಿದ್ದನೆಂದು ಗೊತ್ತಿದ್ದೂ, ಉಪಕಾರ ಮಾಡುವವನ ಹಾಗೆ ಅಣ್ಣ ಎಂಬುದನ್ನು ಒತ್ತಿ ಹೇಳಿದ್ದ.

ಬಾತಿಮಾಳ ಮನೆಯ ಮುಂದೆ ಕಾಲುವೆಯ ಉದ್ದಕ್ಕೂ ಕಾರುಗಳು. ಬಂದವರು ದೂರದಲ್ಲೇ ಇಳಿದು, ಅಯ್ಯೋ ನನ್ನ ತಮ್ಮಾ, ಅಯ್ಯೋ ನನ್ನ ಮರೀ ಎಂದು ಕೂಗುತ್ತ ಗೇಟಿನ ಕಡೆ ಓಡುತ್ತಿದ್ದರು. ಸಾವಿನ ಮನೆಗೆ ಯಾರೂ ನಡೆದುಕೊಂಡು ಹೋಗುವುದಿಲ್ಲ. ಕೆಂಜೆಗೆ ತಿಳಿಯುವ ಮೊದಲೇ ಅವನ ಕಾಲುಗಳು ಓಡತೊಡಗಿದವು, ಬಾಯಿ ತೆರೆದು ಅಯ್ಯೋ ಎಂದಿತು. ಅಲ್ಲಿಗೇ ನಿಂತಿತು. ನನ್ನ ಯಾರು ಎನ್ನುವುದು? ಸತ್ತವನು ತನಗೇನಾಗಬೇಕು? ಬರೀ ಅಯ್ಯೋ ಅಯ್ಯೋ ಎಂದು, ಚಪ್ಪಲಿಗೆ ಬೆಂಕಿ ಬಿದ್ದವನ ಹಾಗೆ ಓಡಿದ. ಗೇಟಿನ ಹತ್ತಿರ ಎರ್ಗಾಲಿ ಕೋಲಿಗೆ ಒರಗಿಕೊಂಡು, ಸೊಂಟಕ್ಕೆ ಬಟ್ಟೆ ಬಿಗಿದು, ತಮ್ಮನನ್ನು ಕಳೆದುಕೊಂಡ ಅಣ್ಣ ಹೇಗೆ ನಿಲ್ಲಬೇಕೋ ಹಾಗೆ ನಿಂತು ಅಳುತ್ತಿದ್ದ. ನಾಟಕದ ಅಳು ಅಲ್ಲ ಅದು, ಮೂಗು ಬಾಯಿ ಒಂದಾಗಿತ್ತು. ಬಂದವರನ್ನೆಲ್ಲ ಅಪ್ಪಿ ಅಪ್ಪಿ ಅವನ ಅಂಗಿಯ ಎದೆ ಒದ್ದೆಯಾಗಿತ್ತು. ಕೆಂಜೆಯನ್ನೂ ಅಪ್ಪಿಕೊಂಡ. ಇಷ್ಟು ಬಿಗಿಯಾಗಿ ಅವನು ಯಾವತ್ತೂ ಅಪ್ಪಿರಲಿಲ್ಲ, ಅದಕ್ಕೆ ಅವನಿಗೆ ಹಕ್ಕಿರಲಿಲ್ಲ. ಕೆಂಜೆ ಅವನ ಕಿವಿಯಲ್ಲಿ, ಇದೆಲ್ಲ ತಪ್ಪಾಗಿ ಆಗಿದ್ದು, ಒಳಗೆ ಹೇಳಿಬಿಡೋಣ, ಎಂದು ಪಿಸುಗುಟ್ಟುತ್ತ ಅಭ್ಯಾಸಬಲದಿಂದ ಅಣ್ಣ ಎಂದುಬಿಟ್ಟ.

ಎರ್ಗಾಲಿ ಅವನನ್ನು ತೋಳಳತೆಗೆ ಸರಿಸಿ ನೋಡಿದ. "ಅಣ್ಣ ಅನ್ನೋನು ಹೋದನಲ್ಲಪ್ಪಾ," ಅಂದ. "ಒಳ್ಳೆ ಹುಡುಗ. ಮೂವತ್ತು ವರ್ಷ ಬಾಯ್ತುಂಬ ಅಣ್ಣ ಅಂದ." ಆಮೇಲೆ ಇನ್ನೊಂದು ಕೋಲು ತೆಗೆದು ಕೆಂಜೆಯ ಕೈಗೆ ಕೊಟ್ಟು, ಪಕ್ಕದಲ್ಲಿ ನಿಲ್ಲಿಸಿಕೊಂಡ. ತಂದೆ ಮಗ ಹೀಗೆ ಹೆಗಲಿಗೆ ಹೆಗಲು ಕೊಟ್ಟು ನಿಂತದ್ದು ಅದೇ ಮೊದಲು. ಬಂದವರು ಕೆಂಜೆಯನ್ನೂ ಅಪ್ಪಿ, ಗಟ್ಟಿಯಾಗಿರಪ್ಪಾ ಎಂದರು. ಸತ್ತವನದೇ ಮುಖ ನೋಡು ಇವನದು ಎಂದು ಇಬ್ಬರು ಮುದುಕರು ಮಾತಾಡಿಕೊಂಡು ಒಳಗೆ ಹೋದರು. ಅವನನ್ನು ಚಿಕ್ಕಂದಿನಿಂದ ಕಂಡ ನೆರೆಹೊರೆಯವರು ಮಾತ್ರ ಕಣ್ಣು ತಪ್ಪಿಸಿದರು, ಅವನಿಗೆ ಆ ಮುದುಕರಿಗಿಂತ ಇವರ ಭಯವೇ ಹೆಚ್ಚಾಯಿತು.

ಅಂಗಳದಲ್ಲಿ ಝಾಪರ್ ವ್ಯವಸ್ಥೆ ನೋಡುತ್ತಿದ್ದರು. ಕಡಾಯಿ ಎದ್ದಿತ್ತು, ಕುರಿ ಬಿದ್ದಿತ್ತು. ಕೆಂಜೆ ಅವರ ತೋಳು ಹಿಡಿದು ಮೂಲೆಗೆಳೆದು, ಹೆಣವೇ ಇಲ್ಲ ಅಜ್ಜ, ಯಾರೂ ಸತ್ತೇ ಇಲ್ಲ, ನೀವೇ ಒಂದು ಬಾಯಿ ತೆಗಿ ಅಂದಿರಿ, ತೆಗೆದೆ, ಅಷ್ಟೆ ಎಂದು ಬಡಬಡಿಸಿದ. ಝಾಪರ್ ಸಹನೆಯಿಂದ ಕೇಳಿದರು. ವಂಶದಿಂದ ಒಬ್ಬ ಹೋಗಿದ್ದು ನಿಜವೋ ಸುಳ್ಳೋ ಎಂದರು. ಹೊಳೆಯಲ್ಲಿ ಹೋದವನಿಗೂ ಯುದ್ಧದಲ್ಲಿ ಹೋದವನಿಗೂ ಹೆಣವಿಲ್ಲದೆ ಪ್ರಾರ್ಥನೆ ಓದಿಲ್ಲವೇ ಎಂದರು. ಬಾತಿಮಾ ತನ್ನ ಕೈಯಾರೆ ಕುರಿ ಆರಿಸಿ ಕೊಟ್ಟಿದ್ದಾಳೆ, ಮುಲ್ಲಾ ಅರ್ಧ ಓದಿ ಆಗಿದೆ, ಈಗ ನಿಲ್ಲಿಸು ಅಂದರೆ ಯಾರಿಗೆ ಅವಮಾನ ಎಂದರು. ಅಷ್ಟರಲ್ಲಿ ಅವರಿಗೆ ಬೇರೆ ಏನೋ ನೆನಪಾಗಿ ಮುಖ ಅರಳಿತು. ನಿನ್ನ ಮದುವೆಯ ವಿಷಯ ಯಂತ್ರದಲ್ಲಿ ನೋಡಿದೆ, ಹುಡುಗಿಯ ಅಪ್ಪನೂ ಇಲ್ಲೇ ಬಂದಿದ್ದ, ತೋರಿಸಿದೆ, ಎಂಟಕ್ಕೆ ದಾಟಿದೆ, ಆಗಬಹುದು, ಅವನೂ ಒಪ್ಪಿದ ಎಂದರು. ಕೆಂಜೆಗೆ ನಾಚಿಕೆಗೆಟ್ಟ ಸಂತೋಷವಾಯಿತು. ಆದರೆ ಈಗಲ್ಲ, ಎಂದರು ಝಾಪರ್. ಮನೆಯಲ್ಲಿ ಸಾವಾಗಿದೆಯಲ್ಲ. ವರ್ಷದ ಊಟ ಆಗುವವರೆಗೆ ಮದುವೆಯ ಮಾತು ಆಡುವಂತಿಲ್ಲ.

ಕಮ್ಕಾ ಒಲೆಯ ಹತ್ತಿರ, ತಲೆಗೆ ಬಟ್ಟೆ ಕಟ್ಟಿಕೊಂಡು, ಇತರ ಹೆಂಗಸರ ಜೊತೆ ಹಿಟ್ಟಿನ ಉಂಡೆಗಳನ್ನು ಎಣ್ಣೆಗೆ ಬಿಡುತ್ತಿದ್ದಳು. ಅವಳೂ ಅದೇ ವಂಶದವಳಲ್ಲವೇ, ಅಪ್ಪನ ಜೊತೆ ಬಂದಿದ್ದಳು. ಕೆಂಜೆ ಕೋಲು ಹಿಡಿದೇ ಅವಳ ಹತ್ತಿರ ಹೋಗಿ, ಒಂದು ವರ್ಷ ತಾನೆ, ಕಾಯೋಣ ಎಂದ. ಏನೋ ದೊಡ್ಡ ತ್ಯಾಗ ಮಾಡಿದವನ ದನಿ ತನ್ನ ಬಾಯಲ್ಲಿ ಕೇಳಿ ಅವನಿಗೇ ಹೇಸಿಗೆಯಾಯಿತು. ಕಮ್ಕಾ ಎಣ್ಣೆಯಿಂದ ಕಣ್ಣು ತೆಗೆಯಲಿಲ್ಲ.

"ನನ್ನ ಕೇಳಬಹುದಿತ್ತು ನೀನು. ಎರಡು ವರ್ಷದಿಂದ ಬಂದಾಗೆಲ್ಲ ಅಮ್ಮ ಹೀಗಂದ್ಲು, ಅಮ್ಮ ಹಾಗಂದ್ಲು ಅಂತ ತಲೆ ತಿಂತಿದ್ಯಲ್ಲ. ನಾನು ಇಷ್ಟಪಟ್ಟಿದ್ದು ಅವಳ ಮಗನ್ನ ಕಣೋ. ಈ ಲಾರಿಯವನ ಮಗ ಯಾರೋ ನಂಗೆ ಗೊತ್ತಿಲ್ಲ. ನೋಡೋಣ, ವರ್ಷ ಇದೆಯಲ್ಲ." ಜಾಲರಿಯಲ್ಲಿ ಉಂಡೆಗಳನ್ನೆತ್ತಿ, ಎಣ್ಣೆ ಬಸಿದು, ತಟ್ಟೆಗೆ ಸುರಿದು ಅವನ ಕೈಗೆ ಕೊಟ್ಟಳು. ಒಳಗೆ ತೆಗೆದುಕೊಂಡು ಹೋಗು, ಬಂದವರಿಗೆ ಸಾಲದೇ ಹೋಗಿದೆ ಎಂದಳು.

ಒಳಮನೆಯಲ್ಲಿ ಹೆಂಗಸರು ಗೋಡೆಗುಂಟ ಸಾಲಾಗಿ ಕೂತಿದ್ದರು, ಮಧ್ಯದಲ್ಲಿ ಬಾತಿಮಾ. ಬಾಗಿಲಿಗೆ ಬೆನ್ನು ಮಾಡಿ, ಸೊಂಟದ ಮೇಲೆ ಕೈಯಿಟ್ಟು, ತೂಗುತ್ತ, ಹಾಡಿ ಅಳುತ್ತಿದ್ದಳು. ಅವಳ ದನಿ ಇಷ್ಟು ದೊಡ್ಡದೆಂದು ಕೆಂಜೆಗೆ ಗೊತ್ತಿರಲಿಲ್ಲ. ನಲವತ್ತು ದಿನದ ಬೆಚ್ಚನೆ ಮುದ್ದೆಯನ್ನು ಎದೆಗೆ ಹಾಕಿಕೊಂಡೆನಲ್ಲ ಎಂದು ಹಾಡಿದಳು. ಬತ್ತಿದ ಮೊಲೆಯನ್ನು ಬಾಯಿಗಿಟ್ಟರೆ ಹಾಲಿಲ್ಲವೆಂದು ಅಳದೆ ಸುಮ್ಮನೆ ಚೀಪಿದೆಯಲ್ಲ ಎಂದು ಹಾಡಿದಳು. ಜ್ವರದಲ್ಲಿ ಅಮ್ಮಾ ಎಂದು ನನ್ನನ್ನೇ ಕರೆದೆಯಲ್ಲ, ಪಕ್ಕದಲ್ಲಿ ಹೆತ್ತವಳಿದ್ದರೂ ನನ್ನನ್ನೇ ಕರೆದೆಯಲ್ಲ ಎಂದು ಹಾಡಿದಳು. ಅವನಿಗೇ ನೆನಪಿಲ್ಲದ್ದನ್ನೆಲ್ಲ ಒಂದೊಂದಾಗಿ ತೆಗೆದಿಟ್ಟಳು. ಕೆಂಜೆಯ ಕೈಯಲ್ಲಿನ ತಟ್ಟೆಯನ್ನು ಯಾರೋ ತೆಗೆದುಕೊಂಡರು, ಯಾರೋ ಜಾಗ ಬಿಟ್ಟರು. ಅವನು ಮಂಡಿಯೂರಿ ಹತ್ತಿರ ಹೋದ. ಹುಳಿ ಮೊಸರು, ಉಣ್ಣೆ, ಬೆರಣಿ ಹೊಗೆ. ಅಳು ಉಕ್ಕಿ ಬಂದು, ಸಣ್ಣವನ ಹಾಗೆ ಅವಳ ತೊಡೆಯ ಮೇಲೆ ಮುಖ ಇಟ್ಟುಬಿಟ್ಟ.

"ಅಮ್ಮಾ, ನಾನು ಇಲ್ಲೇ ಇದೀನಲ್ಲ."

ಹಾಡು ನಿಂತಿತು. ಬಾತಿಮಾ ಅವನ ತಲೆಯ ಮೇಲೆ ಕೈಯಿಟ್ಟಳು. ಮಂಜುಗಣ್ಣಿನಿಂದ ಬಹಳ ಹೊತ್ತು ನೋಡಿದಳು, ಕೈಯಲ್ಲೇ ಅವನ ಗಲ್ಲ ಒರೆಸಿದಳು, ಅಂಗಿಯ ಕೊಬ್ಬಿನ ಕಲೆಯನ್ನು ಉಗುರಿನಿಂದ ಕೆರೆದಳು. ಕೋಪ ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ನೀನು ಇದೀಯಪ್ಪಾ. ನೂರು ವರ್ಷ ಇರು," ಅಂದಳು. "ಹುಡುಗೀನ ನೋಡಿದೆ, ಚೆನ್ನಾಗಿದಾಳೆ, ಕೈಕೆಲಸ ಚುರುಕು. ಮದುವೆ ಆಗು. ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ, ಆ ವಯಸ್ಸೇ ಹಾಗೆ. ಆದರೆ ನನ್ನ ಮಗ ಹೋದ. ಅವನಿಗೆ ನಾನು ಅಳಬೇಡ್ವಾ?"

ಅಷ್ಟು ಹೇಳಿ ಪಕ್ಕದವಳಿಗೆ ಸನ್ನೆ ಮಾಡಿದಳು. ಸತ್ತವನ ಬಟ್ಟೆ ಹಂಚುವ ಹೊತ್ತಾಗಿತ್ತು, ಪೆಟ್ಟಿಗೆ ಎಳೆದು ತಂದರು. ಅಂಗಿಗಳು, ಒಂದು ತುಪ್ಪಳದ ಟೋಪಿ, ಕಾಲುಚೀಲಗಳು ಒಬ್ಬೊಬ್ಬರ ಕೈಗೆ ಹೋದವು. ಪ್ರತಿಯೊಬ್ಬರೂ ತೆಗೆದುಕೊಂಡು ಹಣೆಗೆ ಮುಟ್ಟಿಸಿ ಮಡಿಲಲ್ಲಿಟ್ಟುಕೊಂಡರು. ಕಟ್ಟಕಡೆಗೆ ಬಾತಿಮಾ ತಳದಿಂದ ಒಂದು ಚಿಕ್ಕ ಹತ್ತಿಯ ಕೋಟು ತೆಗೆದಳು, ಮೂರು ವರ್ಷದ ಮಗುವಿನದು, ತೋಳು ಸವೆದಲ್ಲಿ ಅವಳದೇ ಹೊಲಿಗೆ. ಅದನ್ನು ಮೂಗಿಗೆ ಹಿಡಿದು ಒಂದು ಸಲ ಆಳವಾಗಿ ಉಸಿರೆಳೆದುಕೊಂಡಳು. ಆಮೇಲೆ ಎರಡೂ ಕೈಯಲ್ಲಿ ಕೆಂಜೆಯ ಮುಂದೆ ಚಾಚಿದಳು.

"ತಗೋ. ನಿನ್ನ ಚಿಕ್ಕಪ್ಪಂದು. ನಿನಗೊಂದು ಮಗು ಆದರೆ ತೊಡಿಸು."

ಸಾಲಿನಲ್ಲಿದ್ದ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಎರ್ಗಾಲಿ ಕೋಲಿಗೆ ಒರಗಿ ನಿಂತಿದ್ದ, ಅವನ ಹಿಂದೆ ಕಮ್ಕಾಳ ತಲೆಬಟ್ಟೆ ಕಾಣುತ್ತಿತ್ತು. ಬೇಡ ಎನ್ನಲು ಇನ್ನೂ ಸಮಯವಿತ್ತು. ಬಾತಿಮಾ ಕೈಗಳನ್ನು ಚಾಚಿಯೇ ಕಾಯುತ್ತಿದ್ದಳು. ಕೆಂಜೆ ಕೋಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಹಣೆಗೆ ಮುಟ್ಟಿಸಿದ, ಸಾವಿನ ಮನೆಯಲ್ಲಿ ಹೊರಗಿನಿಂದ ಬಂದವರೆಲ್ಲ ಅನ್ನುವುದನ್ನೇ ತಾನೂ ಅಂದ.

"ಅವರ ಮೇಲಿನ ಮಣ್ಣು ರೇಷ್ಮೆಯಾಗಲಿ, ಅಜ್ಜಿ."